ಮೂವತ್ತೆರಡು ಅಕ್ಷರಗಳ ಜಾಡು

ಈ ಶತಮಾನದ ಮೊದಲ ವರ್ಷಗಳು. ನೆದರ್ಲೆಂಡ್ಸ್‌ನ ಉಟ್ರೆಕ್ಟ್ ವಿಶ್ವವಿದ್ಯಾಲಯದಲ್ಲಿ ಏಲ್ಕೊ ವಿಸ್ಸರ್ ಅವರ ಗುಂಪು ಸ್ಟ್ರಾಟೆಗೊ ಎಂಬ ಭಾಷೆಯನ್ನು ಬೆಳೆಸುತ್ತಿತ್ತು. ಒಂದು ಪ್ರೋಗ್ರಾಮನ್ನು ಓದಿ, ತಿದ್ದಿ, ಇನ್ನೊಂದು ರೂಪಕ್ಕೆ ತರುವ ಭಾಷೆ ಅದು. ಸಂಶೋಧನೆಯೇನೋ ಸಲೀಸಾಗಿ ಸಾಗಿತ್ತು. ತಾಪತ್ರಯವಿದ್ದದ್ದು ಅದನ್ನು ಬೇರೆಯವರ ಕೈಗೆ ಕೊಡುವುದರಲ್ಲಿ. ಸ್ಟ್ರಾಟೆಗೊ ಬೆನ್ನಿಗೆ ಹಲವು ಸಣ್ಣ ಪ್ಯಾಕೇಜುಗಳಿದ್ದವು, ಅವುಗಳ ಬೆನ್ನಿಗೆ ಬೇರೆಬೇರೆ ಲೈಬ್ರರಿಗಳಿದ್ದವು, ಎಲ್ಲಕ್ಕೂ ಇಂಥದ್ದೇ ಆವೃತ್ತಿ ಬೇಕು ಎಂಬ ಹಟವಿತ್ತು. ಕಟ್ಟಿದವರ ಯಂತ್ರದಲ್ಲಿ ಚೆನ್ನಾಗಿ ಓಡಿದ್ದು ಪಕ್ಕದ ಯಂತ್ರಕ್ಕೆ ಹೋದೊಡನೆ ಬಾಯಿಗೆ ಬೀಗ ಹಾಕಿಕೊಳ್ಳುತ್ತಿತ್ತು. ‘ಲೈಬ್ರರಿ ಸಿಗುತ್ತಿಲ್ಲ’ ಎಂಬ ಒಂದು ಸಾಲಿನ ದೂರು ಬಿಟ್ಟರೆ ಪರದೆಯ ಮೇಲೆ ಬೇರೇನೂ ಮೂಡುತ್ತಿರಲಿಲ್ಲ. ಅದೇ ಗುಂಪಿನಲ್ಲಿ ಪಿಎಚ್‌.ಡಿ. ಮಾಡುತ್ತಿದ್ದ ಏಲ್ಕೊ ಡೋಲ್ಸ್ಟ್ರಾ ಈ ಗೋಜಲನ್ನೇ ತಮ್ಮ ಸಂಶೋಧನೆಯ ವಿಷಯ ಮಾಡಿಕೊಂಡರು.

ಗೋಜಲಿನ ಬೇರು ತೀರ ಹಳೆಯ ಒಂದು ರೂಢಿಯಲ್ಲಿತ್ತು. ಯುನಿಕ್ಸ್ ವಂಶದ ಯಂತ್ರಗಳಲ್ಲಿ ಲೈಬ್ರರಿಗಳೆಲ್ಲ ಹೋಗಿ ಸೇರುತ್ತಿದ್ದದ್ದು ಕೆಲವೇ ಸಾಮಾನ್ಯ ಫೋಲ್ಡರುಗಳಿಗೆ. ಪಿಎನ್‌ಜಿ ಚಿತ್ರಗಳನ್ನು ಓದುವ ಲಿಬ್‌ಪಿಎನ್‌ಜಿಯೂ ಅಲ್ಲೇ, ಅದರ ಒಳಗಿನ ದತ್ತಾಂಶವನ್ನು ಕುಗ್ಗಿಸಿ ಹಿಗ್ಗಿಸುವ ಜೀಲಿಬ್ ಕೂಡ ಅಲ್ಲೇ. ಲಿಬ್‌ಪಿಎನ್‌ಜಿಯ ಪ್ಯಾಕೇಜ್ ಬರೆಯುವವರು ‘ಇದಕ್ಕೆ ಜೀಲಿಬ್ ಬೇಕು’ ಎಂಬ ಮಾತನ್ನು ಬರೆಯಲು ಮರೆತರೂ ಅವರಿಗೆ ಏನೂ ಗೊತ್ತಾಗುತ್ತಿರಲಿಲ್ಲ. ಕಂಪೈಲರ್ ತಾನಾಗಿಯೇ ಆ ಫೋಲ್ಡರನ್ನು ತಡಕಿ, ಯಾರೋ ಎಂದೋ ಹಾಕಿಟ್ಟಿದ್ದ ಜೀಲಿಬ್ ಹೆಕ್ಕಿಕೊಂಡು ಕೆಲಸ ಮುಗಿಸುತ್ತಿತ್ತು. ಮರೆವು ಬಯಲಾಗುತ್ತಿದ್ದದ್ದು ತಿಂಗಳುಗಳ ನಂತರ, ಇನ್ಯಾರದೋ ಮೇಜಿನ ಮೇಲೆ. ಇನ್ನು ಒಂದೇ ಲೈಬ್ರರಿಯ ಎರಡು ಆವೃತ್ತಿ ಬೇಕಾದರಂತೂ ಹೊಸದು ಹಳೆಯದರ ಮೇಲೆ ಬಂದು ಕೂರುತ್ತಿತ್ತು. ಹಳೆಯದನ್ನು ನಂಬಿದ್ದ ಪ್ರೋಗ್ರಾಮುಗಳು ಸದ್ದಿಲ್ಲದೆ ಕೆಡುತ್ತಿದ್ದವು.

2003ರಲ್ಲಿ ಡೋಲ್ಸ್ಟ್ರಾ ನಿಕ್ಸ್ ಎಂಬ ಹೊಸ ಪ್ಯಾಕೇಜ್ ಮ್ಯಾನೇಜರ್ ಬರೆಯಲು ಕುಳಿತರು. ಮೊದಲ ಹೆಜ್ಜೆಯಲ್ಲೇ ಆ ಸಾಮಾನ್ಯ ಫೋಲ್ಡರುಗಳ ರೂಢಿಗೆ ಬೆನ್ನು ಹಾಕಿದರು. ಒಂದೊಂದು ಪ್ಯಾಕೇಜಿಗೂ ಒಂದೊಂದು ಪ್ರತ್ಯೇಕ ಫೋಲ್ಡರ್, ಎಲ್ಲವೂ ‘ಸ್ಟೋರ್’ ಎಂಬ ಒಂದೇ ಉಗ್ರಾಣದಡಿ. ಆದರೆ ಅದೇ ಲೈಬ್ರರಿ, ಅದೇ ಆವೃತ್ತಿಯನ್ನು ಬೇರೆ ಕಂಪೈಲರಿನಿಂದ ಕಟ್ಟಿದರೆ ಅದು ಬೇರೆಯದೇ ವಸ್ತುವಾಗುತ್ತಿತ್ತು. ಹೆಸರು ಮತ್ತು ಆವೃತ್ತಿ ಎರಡೇ ಸಾಲುತ್ತಿರಲಿಲ್ಲ. ಅದಕ್ಕಾಗಿ ಹೆಸರಿನ ಮುಂದೆ 32 ಅಕ್ಷರಗಳ ಒಂದು ಹ್ಯಾಶ್ ಬಂತು. ಸೋರ್ಸ್ ಕೋಡ್, ಕಂಪೈಲರ್, ಕಟ್ಟುವ ಸ್ಕ್ರಿಪ್ಟ್, ಬೇಕಾದ ಲೈಬ್ರರಿಗಳು ಇವೆಲ್ಲವನ್ನೂ ಗಣಿತದ ಗಾಣಕ್ಕೆ ಹಾಕಿ ಹಿಂಡಿ ತೆಗೆದ ಗುರುತು ಅದು. ಮಂಜುನಾಥರು ಹತ್ತು ಮಂದಿ ಇರುವ ಕಡೆ ಊರು ಮತ್ತು ಅಪ್ಪನ ಹೆಸರಿನ ಇನಿಷಿಯಲ್ಲುಗಳು ಯಾರು ಯಾವ ಮನೆಯವರು ಎಂದು ಹೇಳುವಂತೆ, ಈ ಹ್ಯಾಶ್ ಲೈಬ್ರರಿಯ ಹುಟ್ಟನ್ನು ಹೇಳುತ್ತಿತ್ತು. ಕಂಪೈಲರ್ ಒಂದಿಷ್ಟು ಬದಲಾದರೂ ಹ್ಯಾಶ್ ಬದಲಾಗುತ್ತಿತ್ತು, ಹೊಸ ಫೋಲ್ಡರ್ ಹುಟ್ಟುತ್ತಿತ್ತು, ಹಳೆಯದು ಕದಲದೆ ತನ್ನ ಜಾಗದಲ್ಲೇ ಉಳಿಯುತ್ತಿತ್ತು.

ಪ್ಯಾಕೇಜನ್ನು ವಿವರಿಸಲು ಅವರು ಆಯ್ದುಕೊಂಡದ್ದು ಫಂಕ್ಷನಲ್ ಭಾಷೆಯ ದಾರಿ. ಲಿಬ್‌ಪಿಎನ್‌ಜಿಯ ವಿವರಣೆ ಒಂದು ಫಂಕ್ಷನ್ ಆಯಿತು. ಅದರ ತಲೆಯ ಮೇಲೆ ಬೇಕಾದವುಗಳ ಪಟ್ಟಿ: ಸೋರ್ಸ್ ತರುವ ಸಲಕರಣೆ, ಕಟ್ಟುವ ಪರಿಸರ, ಜೀಲಿಬ್. ಕೆಳಗೆ ಹೆಸರು, ಆವೃತ್ತಿ, ಸೋರ್ಸ್ ಸಿಗುವ ವಿಳಾಸ, ಆ ಸೋರ್ಸಿನದೇ ಒಂದು ಹ್ಯಾಶ್. ಆ ಹ್ಯಾಶ್ ತಾಳೆಯಾಗದಿದ್ದರೆ ಇಳಿಸಿಕೊಂಡ ಫೈಲನ್ನು ನಿಕ್ಸ್ ಮುಟ್ಟುತ್ತಲೇ ಇರಲಿಲ್ಲ. ಒಟ್ಟು ಹತ್ತು ಹದಿನೈದು ಸಾಲು. ತಲೆಯ ಪಟ್ಟಿಯಲ್ಲಿ ಇಲ್ಲದ್ದು ಒಳಗೆ ಇರಲೇಬಾರದು, ಅದೇ ಕಟ್ಟುನಿಟ್ಟು. ಬೇಕಾದಾಗ ಮಾತ್ರ ಲೆಕ್ಕ ಹಾಕುವ ಸೋಮಾರಿ ಭಾಷೆ ಅದಾದ್ದರಿಂದ ಸಾವಿರಾರು ವಿವರಣೆಗಳನ್ನು ಒಂದೇ ಕಡೆ ಪೇರಿಸಿಟ್ಟರೂ, ಕೇಳಿದ ಒಂದಕ್ಕೆ ಬೇಕಾದಷ್ಟನ್ನೇ ಅದು ಬಿಡಿಸಿ ನೋಡುತ್ತಿತ್ತು.

ಕಾಗದದ ಮೇಲೆ ಇದು ಸುಂದರವಾಗಿತ್ತು. ಯಂತ್ರ ಮಾತ್ರ ಅಷ್ಟು ಸುಲಭಕ್ಕೆ ಒಪ್ಪಲಿಲ್ಲ. ಪಟ್ಟಿಯಲ್ಲಿ ಇಲ್ಲದ್ದು ಯಾವ ಸಂದಿಯಿಂದಾದರೂ ಒಳಕ್ಕೆ ನುಸುಳುತ್ತಿತ್ತು. ಬಳಕೆದಾರನ ಪರಿಸರದ ಸೆಟ್ಟಿಂಗುಗಳು ಒಂದು ಸಂದಿ. ಅವನ್ನು ಪೂರ್ತಿ ಅಳಿಸಿ ಹಾಕಿದ್ದಾಯಿತು. ಆದರೂ ಕೆಲವು ಸಲಕರಣೆಗಳು ಬಳಕೆದಾರನ ಹೋಮ್ ಫೋಲ್ಡರನ್ನು ಹುಡುಕಿಕೊಂಡು ಹೋಗುತ್ತಿದ್ದವು. ಆಗ ಹೋಮ್ ಎಂಬ ಜಾಗಕ್ಕೆ ‘ಹೋಮ್‌ಲೆಸ್ ಶೆಲ್ಟರ್’ ಎಂಬ, ಎಲ್ಲೂ ಇಲ್ಲದ ವಿಳಾಸ ಕೊಟ್ಟರು. ಹುಡುಕಿ ಹೋದವರಿಗೆ ಬರಿಗೈ. ಮುಂದಿನ ಸಂದಿ ಇನ್ನೂ ಆಳದಲ್ಲಿತ್ತು. ಕಂಪೈಲರ್ ಮತ್ತು ಲಿಂಕರ್, ಯಾರೂ ಹೇಳದಿದ್ದರೂ, ಹುಟ್ಟಿನಿಂದ ಬಂದ ಅಭ್ಯಾಸದಂತೆ ಹಳೆಯ ಸಾಮಾನ್ಯ ಫೋಲ್ಡರುಗಳನ್ನು ತಡಕುತ್ತಿದ್ದವು. ಅವುಗಳ ಸುತ್ತ ಒಂದು ಕವಚದಂಥ ಸ್ಕ್ರಿಪ್ಟ್ ಹೊದಿಸಿ, ಉಗ್ರಾಣದ ಹೊರಗಿನ ದಾರಿ ಹಿಡಿದರೆ ಅಲ್ಲೇ ತಡೆಯುವಂತೆ ಮಾಡಬೇಕಾಯಿತು.

ಫಲ ಕಂಡದ್ದು ಸೋಲಿನ ರೂಪದಲ್ಲೇ. ಜೀಲಿಬ್ ಬರೆಯಲು ಮರೆತರೆ ಲಿಬ್‌ಪಿಎನ್‌ಜಿ ಆ ಕ್ಷಣದಲ್ಲೇ, ಬರೆದವರ ಎದುರಿಗೇ, ಕಟ್ಟಲಾಗದೆ ಕುಸಿಯತೊಡಗಿತು. ಒಂದೊಂದು ಕುಸಿತವೂ ಎಲ್ಲೋ ಒಬ್ಬರಿಗೆ ತಪ್ಪಿದ ಪೀಡೆ. ಇಷ್ಟು ಸಿಟ್ಟು ತರಿಸುವ ಉಪಕಾರ ಸಾಫ್ಟ್‌ವೇರ್ ಲೋಕದಲ್ಲಿ ಅಪರೂಪ.

ಕಟ್ಟಿದ ಮೇಲೆ ಓಡಿಸುವ ಪಾಡು ಬೇರೆ. ಪ್ರೋಗ್ರಾಮ್ ಶುರುವಾಗುವಾಗ ಲೋಡರ್ ಎಂಬ ಸಣ್ಣ ಸೇವಕ ಲೈಬ್ರರಿಗಳನ್ನು ಹುಡುಕಿ ತರುತ್ತಾನೆ. ಅವನೂ ಹಳೆಯ ಫೋಲ್ಡರುಗಳ ಹಾದಿಯವನೇ. ಹಾಗಾಗಿ ಕಟ್ಟುವಾಗಲೇ ಪ್ರೋಗ್ರಾಮಿನ ಒಡಲಿನಲ್ಲಿ ಪ್ರತಿ ಲೈಬ್ರರಿಯ ಪೂರ್ಣ ವಿಳಾಸ, ಹ್ಯಾಶ್ ಸಮೇತ, ಕೊರೆದಿಡುವ ವ್ಯವಸ್ಥೆಯಾಯಿತು. ಬೇರೆಯವರು ಮೊದಲೇ ಕಟ್ಟಿ ಹಂಚುವ, ಸೋರ್ಸ್ ಕೊಡದ ಪ್ರೋಗ್ರಾಮುಗಳಿಗಾಗಿ ಡೋಲ್ಸ್ಟ್ರಾ ಪ್ಯಾಚ್‌ಎಲ್ಫ್ ಎಂಬ ಸಲಕರಣೆಯನ್ನೇ ಬರೆದರು. ಸಿದ್ಧವಾದ ಬೈನರಿಯನ್ನು ಬಿಚ್ಚಿ ಒಳಗಿನ ವಿಳಾಸವನ್ನು ತಿದ್ದಿ ಮತ್ತೆ ಹೊಲಿಯುವ ಕೆಲಸ ಅದರದು.

ಉಗ್ರಾಣ ತುಂಬುತ್ತಾ ಹೋಯಿತು. ಯಾವುದೂ ಯಾವುದನ್ನೂ ಅಳಿಸದ ಕಡೆ ಹಳೆಯದು ರಾಶಿ ಬೀಳುವುದು ಸಹಜ. ಕಸ ಗುಡಿಸಬೇಕಿತ್ತು. ಆದರೆ ಯಾವುದು ಕಸ? ಲಿಬ್‌ಪಿಎನ್‌ಜಿಯನ್ನು ಕಟ್ಟಲು ಕಂಪೈಲರ್ ಬೇಕಿತ್ತು, ಜೀಲಿಬ್ ಬೇಕಿತ್ತು. ಕಟ್ಟಿ ಮುಗಿದ ಮೇಲೆ ಕಂಪೈಲರಿನ ಹಂಗಿಲ್ಲ, ಜೀಲಿಬ್ ಹಂಗು ಮಾತ್ರ ಕೊನೆತನಕ. ವಿವರಣೆಯ ಪಟ್ಟಿಯಲ್ಲಿ ಎರಡೂ ಒಂದೇ ಸಾಲಿನಲ್ಲಿ ಕೂತಿದ್ದವು. ಇನ್ನೊಬ್ಬರ ಯಂತ್ರಕ್ಕೆ ಲಿಬ್‌ಪಿಎನ್‌ಜಿ ಕಳಿಸುವಾಗಲೂ ಇದೇ ಪ್ರಶ್ನೆ: ಜೊತೆಗೆ ಏನನ್ನು ಕಳಿಸಬೇಕು, ಏನನ್ನು ಬಿಡಬೇಕು? ಬರೆಯುವವರನ್ನೇ ಕೇಳೋಣವೆಂದರೆ ಕತೆ ಶುರುವಾದದ್ದೇ ಅವರ ಮರೆವಿನಿಂದ. ತಪ್ಪಿ ಬೇಕಾದ್ದನ್ನು ಗುಡಿಸಿದರೆ ಓಡುತ್ತಿರುವ ಪ್ರೋಗ್ರಾಮಿನ ಕಾಲಡಿಯ ನೆಲವೇ ಕುಸಿಯುತ್ತಿತ್ತು.

ಬಿಡಿಸುವ ಎಳೆ ಸಿಕ್ಕಿದ್ದು ಪ್ಯಾಕೇಜುಗಳ ಲೋಕದಿಂದ ದೂರದ ಒಂದು ಮೂಲೆಯಲ್ಲಿ. 1988ರಲ್ಲಿ ಹಾನ್ಸ್ ಬೋಮ್ ಮತ್ತು ಮಾರ್ಕ್ ವೈಸರ್, ಸಿ ಭಾಷೆಯ ಪ್ರೋಗ್ರಾಮುಗಳಲ್ಲಿ ಬಳಕೆ ಮುಗಿದ ಮೆಮೊರಿಯನ್ನು ಗುಡಿಸುವ ಉಪಾಯ ಪ್ರಕಟಿಸಿದ್ದರು. ಮೆಮೊರಿಯ ಯಾವ ಅಂಕಿ ವಿಳಾಸ, ಯಾವುದು ಬರೀ ಅಂಕಿ ಎಂದು ಸಿ ಹೇಳುವುದಿಲ್ಲ. ಅವರು ಮಾಡಿದ್ದಿಷ್ಟೇ: ವಿಳಾಸದಂತೆ ಕಾಣುವುದನ್ನೆಲ್ಲ ವಿಳಾಸವೆಂದೇ ತಿಳಿದು, ಅದು ತೋರಿಸಿದ್ದನ್ನು ಉಳಿಸುವುದು. ಉಟ್ರೆಕ್ಟ್‌ನವರು ಡಿಸ್ಕನ್ನೇ ಮೆಮೊರಿಯಾಗಿ, ಫೈಲಿನ ವಿಳಾಸವನ್ನೇ ಪಾಯಿಂಟರಾಗಿ ಕಂಡರು. ಹಾಗೆ ಕಂಡದ್ದೇ ತಡ, ಹೆಸರುಗಳು ಕಲೆಸಿಹೋಗದಿರಲೆಂದು ಸೇರಿಸಿದ್ದ ಆ 32 ಅಕ್ಷರಗಳು ಇನ್ನೊಂದು ಕೆಲಸಕ್ಕೆ ಒದಗಿದವು. ಪ್ಯಾಕೇಜ್ ಕಟ್ಟಿ ಮುಗಿದೊಡನೆ ಅದರ ಪ್ರತಿ ಫೈಲನ್ನೂ ಬೈಟ್ ಬೈಟಾಗಿ ಜಾಲಾಡಿ, ಪಟ್ಟಿಯಲ್ಲಿದ್ದವುಗಳ ಹ್ಯಾಶ್ ಎಲ್ಲಾದರೂ ಇದೆಯೇ ಎಂದು ಹುಡುಕಿದರು. ಜೀಲಿಬ್ ಹ್ಯಾಶ್ ಸಿಕ್ಕಿತೇ, ಅದು ಬೇಕಾದದ್ದು. ಕಂಪೈಲರಿನದು ಸಿಗಲಿಲ್ಲವೇ, ಅದು ಬೇಡದ್ದು. ಯಾರನ್ನೂ ಕೇಳಬೇಕಿರಲಿಲ್ಲ, ಯಾರ ನೆನಪನ್ನೂ ನಂಬಬೇಕಿರಲಿಲ್ಲ. ಇಷ್ಟು ಒರಟಾದ ಹುಡುಕಾಟ ಇಷ್ಟು ಕರಾರುವಾಕ್ಕಾಗಿ ನಡೆದದ್ದು ಇಂದು ಓದಿದರೂ ಬೆರಗು ಹುಟ್ಟಿಸುತ್ತದೆ.

ಡೋಲ್ಸ್ಟ್ರಾ, ವಿಸ್ಸರ್ ಮತ್ತು ಮೆರೈನ್ ಡಿ ಯೋಂಗ್ ಇದನ್ನು 2004ರಲ್ಲಿ ಎರಡು ಪ್ರಬಂಧಗಳಾಗಿ ಲೋಕದ ಮುಂದಿಟ್ಟರು. ಮೆಮೊರಿಯ ಶಿಸ್ತನ್ನು ಸಾಫ್ಟ್‌ವೇರ್ ಹಂಚಿಕೆಗೆ ತರುವ ಮಾತು ಎಡಿನ್‌ಬರೋದ ಸಮ್ಮೇಳನದಲ್ಲಿ, ಪೂರ್ತಿ ವ್ಯವಸ್ಥೆಯ ವಿವರ ಅಟ್ಲಾಂಟಾದಲ್ಲಿ. ಅವೆರಡರ ನಡುವೆ, ಆಗಸ್ಟ್‌ನಲ್ಲಿ, ಚೀನಾದ ಗಣಿತಜ್ಞೆ ವಾಂಗ್ ಷಿಯಾವ್‌ಯುನ್ ಮತ್ತು ಸಂಗಡಿಗರು ಎಂಡಿ5 ಹ್ಯಾಶ್ ಮುರಿದ ಸುದ್ದಿ ಬಂತು. ಎರಡು ಬೇರೆ ಫೈಲುಗಳಿಗೆ ಒಂದೇ ಗುರುತು ಬರುವಂತೆ ಮಾಡಿ ತೋರಿಸಿದ್ದರು. ನಿಕ್ಸ್ ನಂಬಿದ್ದದ್ದು ಎಂಡಿ5ನ್ನೇ.

2005ರ ಏಪ್ರಿಲ್‌ನಲ್ಲಿ ಬಂದ 0.8 ಆವೃತ್ತಿಯಲ್ಲಿ ಬುನಾದಿಯನ್ನೇ ಬದಲಿಸಿದರು. ಎಸ್‌ಎಚ್‌ಎ-256 ಹ್ಯಾಶ್ ತೆಗೆದುಕೊಂಡು 160 ಬಿಟ್‌ಗಳಿಗೆ ಮೊಟಕುಗೊಳಿಸಿ, 32 ಚಿಹ್ನೆಗಳ ವರ್ಣಮಾಲೆಯಲ್ಲಿ ಬರೆದರು. ಗುರುತು ಗಟ್ಟಿಯಾಯಿತು, ಉದ್ದ ಮಾತ್ರ ಮೊದಲಿನ 32 ಅಕ್ಷರವೇ. ಹಿಂದಿನ ಆವೃತ್ತಿಗಳಿಗಾಗಿ ಕಟ್ಟಿಟ್ಟಿದ್ದ ಪ್ಯಾಕೇಜುಗಳು ನಿರುಪಯುಕ್ತವಾದವು, ಆ ನಷ್ಟವನ್ನು ನುಂಗಿಕೊಂಡರು. ಹೊಸ ವರ್ಣಮಾಲೆ ಹತ್ತು ಅಂಕಿ, 22 ಇಂಗ್ಲಿಷ್ ಅಕ್ಷರಗಳದು. ಇ, ಓ, ಟಿ, ಯು ಎಂಬ ನಾಲ್ಕು ಅಕ್ಷರಗಳನ್ನು ಬೇಕೆಂದೇ ಕೈಬಿಟ್ಟರು. ಹ್ಯಾಶ್ ಅಕಸ್ಮಾತ್ತಾಗಿ ಬೈಗುಳದ ಮಾತಾಗಬಾರದು ಎಂಬುದೇ ಕಾರಣ.

ಹುಡುಕಾಟದ ಒರಟುತನಕ್ಕೆ ಬೆಲೆಯೂ ತೆರಬೇಕಿತ್ತು. ಒಂದು ಪುಟ್ಟ ಲೈಬ್ರರಿಯ ಡೀಬಗ್ ಮಾಹಿತಿಯಲ್ಲಿ ಕಂಪೈಲರಿನ ವಿಳಾಸ ಒಮ್ಮೆ ಉಳಿದುಬಿಟ್ಟರೆ, ಆ ಪುಟ್ಟದರ ಬೆನ್ನಿಗೆ ಇಡೀ ಕಂಪೈಲರ್ ಜೋತುಬೀಳುತ್ತಿತ್ತು. ಅದಕ್ಕೆಂದು ಒಂದು ಸಲಕರಣೆ ಬಂತು: ಬೇಡದ ಹ್ಯಾಶ್ ಕಂಡಲ್ಲಿ ಅದರ ಮೇಲೆ 32 ‘ಇ’ಗಳನ್ನು ಬರೆಯುವುದು. ವರ್ಣಮಾಲೆಯಿಂದ ಕೈಬಿಟ್ಟಿದ್ದ ‘ಇ’ ನಿಜವಾದ ಯಾವ ಹ್ಯಾಶ್‌ನಲ್ಲೂ ಬರುವಂತಿರಲಿಲ್ಲ. ಮರ್ಯಾದೆಗೆಂದು ಹೊರಗಿಟ್ಟ ಅಕ್ಷರ ಹೀಗೆ ಅಳಿಸುವ ರಬ್ಬರಾಯಿತು. ಒತ್ತಿ ಕುಗ್ಗಿಸಿದ ಫೈಲುಗಳ ತೊಂದರೆ ಇದರ ತಿರುಗುಮುರುಗು. ಅಲ್ಲಿ ಹ್ಯಾಶ್ ಇದ್ದರೂ ಕಣ್ಣಿಗೆ ಬೀಳುತ್ತಿರಲಿಲ್ಲ, ಬೇಕಾದದ್ದೇ ಕಸವಾಗುವ ಭಯವಿತ್ತು. ಅಂಥ ಕಡೆ ಪ್ಯಾಕೇಜ್ ಬರೆಯುವವರು ವಿಳಾಸವನ್ನು ಬಿಡಿ ಫೈಲಿನಲ್ಲಿ ಬಿಚ್ಚಿ ಬರೆದಿಡುವುದನ್ನು ಕಲಿತರು.

2006ರ ಜನವರಿಯಲ್ಲಿ ಡೋಲ್ಸ್ಟ್ರಾ ಅವರ ಪಿಎಚ್‌.ಡಿ. ಪ್ರಬಂಧ ಮುಗಿಯಿತು. ಅದೇ ವರ್ಷ ಅರ್ಮೈನ್ ಹೇಮೆಲ್ ಎಂಬ ವಿದ್ಯಾರ್ಥಿ ಒಂದು ಇಡೀ ಲಿನಕ್ಸ್ ವ್ಯವಸ್ಥೆಯನ್ನೇ ಈ ಬಗೆಯಲ್ಲಿ ಕಟ್ಟಿ ನಿಕ್ಸ್‌ಓಎಸ್ ಎಂದು ತನ್ನ ಸ್ನಾತಕೋತ್ತರ ಪ್ರಬಂಧದಲ್ಲಿ ತೋರಿಸಿದ. ನಿಕ್ಸ್‌ಗೆ ಕೆಲಸ ಮಾಡಿದ್ದ ಫ್ರಾನ್ಸ್‌ನ ಲುಡೋವಿಕ್ ಕುರ್ತೆಸ್ 2012ರಲ್ಲಿ ಗ್ನೂ ಯೋಜನೆಗಾಗಿ ಗೀಕ್ಸ್ ಆರಂಭಿಸಿದರು. ಪ್ಯಾಕೇಜಿನ ವಿವರಣೆಗೆ ಹೊಸ ಪುಟ್ಟ ಭಾಷೆಯ ಬದಲು ಸ್ಕೀಮ್ ಎಂಬ ಹಳೆಯ, ಪೂರ್ಣ ಭಾಷೆಯನ್ನೇ ತಂದರು. ಲೈಬ್ರರಿಗಳ ಒಂದು ಸೂಕ್ಷ್ಮ ಅಲ್ಲಿ ವಿವರಣೆಯ ಮಾತಿನಲ್ಲೇ ಎದ್ದು ಕಂಡಿತು. ಗೀಕ್ಸ್‌ನಲ್ಲಿ ಲಿಬ್‌ಪಿಎನ್‌ಜಿಯ ಕೆಳಗೆ ಜೀಲಿಬ್ ಬರೀ ‘ಬೇಕಾದದ್ದು’ ಆಗಿರಲಿಲ್ಲ, ‘ದಾಟಿಸಬೇಕಾದದ್ದು’ ಆಗಿತ್ತು. ಲಿಬ್‌ಪಿಎನ್‌ಜಿಯನ್ನು ಬಳಸಿ ಇನ್ನೇನನ್ನೋ ಕಟ್ಟುವವರಿಗೆ ಕೇಳದೆಯೇ ಜೀಲಿಬ್ ಕೂಡ ಕೈಗೆ ಸಿಗಬೇಕಿತ್ತು, ಏಕೆಂದರೆ ಲಿಂಕರಿಗೆ ಲಿಬ್‌ಪಿಎನ್‌ಜಿ ಕೊಡುವ ಮಾಹಿತಿಯಲ್ಲೇ ಜೀಲಿಬ್ ಹೆಸರಿತ್ತು.

ಕೊನೆಗೊಂದು ದೊಡ್ಡ ತೊಡಕು ಉಳಿದಿತ್ತು. 2014ರ ಏಪ್ರಿಲ್‌ನಲ್ಲಿ ಓಪನ್‌ಎಸ್‌ಎಸ್‌ಎಲ್ ಲೈಬ್ರರಿಯ ಹಾರ್ಟ್‌ಬ್ಲೀಡ್ ದೋಷ ಬಯಲಾಗಿ ಜಗತ್ತಿನ ಸರ್ವರುಗಳೆಲ್ಲ ನಡುಗಿದವು. ಇಂಥ ತಳದ ಲೈಬ್ರರಿಯಲ್ಲಿ ಒಂದು ಸಾಲು ತಿದ್ದಿದರೂ ಅದರ ಹ್ಯಾಶ್ ಬದಲಾಗಿ, ಅದನ್ನು ನೆಚ್ಚಿದ ಎಲ್ಲದರ ಹ್ಯಾಶ್ ಬದಲಾಗಿ, ಸಾವಿರಾರು ಪ್ಯಾಕೇಜುಗಳನ್ನು ಮತ್ತೆ ಕಟ್ಟಬೇಕಾಗುತ್ತಿತ್ತು. ಅಷ್ಟು ಹೊತ್ತು ಕಾಯುವುದೆಂದರೆ ದೋಷದ ಬಾಗಿಲು ತೆರೆದಿಟ್ಟಂತೆ. ಗೀಕ್ಸ್‌ನವರು ಇದಕ್ಕೆ ‘ಗ್ರಾಫ್ಟ್’ ಎಂಬ ಕಸಿಯ ದಾರಿ ಕಂಡುಕೊಂಡರು. ದೋಷವಿದ್ದ ಲೈಬ್ರರಿಯ ವಿವರಣೆಯಲ್ಲಿ ‘ಇದರ ಬದಲಿಗೆ ಇದು’ ಎಂದು ಒಂದು ಸಾಲು ಸೇರಿತು.

ಇಡೀ ಕತೆಯ ಗುಟ್ಟು ಆ ಒಂದು ಸಾಲು ನಡೆಯುವ ಬಗೆಯಲ್ಲಿ ಬಿಚ್ಚಿಕೊಂಡಿತು. 160 ಬಿಟ್‌ಗಳ ಗುರುತು ಒಂದು ಫೈಲಿನಲ್ಲಿ ಕಾಕತಾಳೀಯವಾಗಿ ಮೂಡುವ ಸಂಭವ ಇಲ್ಲವೆಂಬಷ್ಟು ಕಡಿಮೆ. ಹಾಗಾಗಿ ಅದು ಕಂಡಿತೆಂದರೆ ಕಟ್ಟುವಾಗ ಯಾರೋ ಅಲ್ಲಿ ಬರೆದದ್ದೇ. ಪ್ರೋಗ್ರಾಮಿಗೆ ಒಂದು ಫೈಲನ್ನು ತೆರೆಯಲು ಅದರ ಹೆಸರು ಬೇಕೇ ಬೇಕು. ಊಹಿಸಿ ಹೇಳಲಾಗದ ಹೆಸರಾದ್ದರಿಂದ ಅದನ್ನು ಒಡಲಲ್ಲಿ ಹೊತ್ತೇ ತಿರುಗಬೇಕು. ಹೊತ್ತದ್ದನ್ನು ಹುಡುಕಬಹುದು, ಹುಡುಕಿದ್ದನ್ನು ಬದಲಿಸಬಹುದು. ಹಳೆಯ ಹ್ಯಾಶ್ ಮತ್ತು ಹೊಸದು ಎರಡೂ 32 ಅಕ್ಷರವಾದ್ದರಿಂದ, ಹೆಸರು ಮತ್ತು ಆವೃತ್ತಿಯ ಉದ್ದವೂ ಸಮನಾಗಿದ್ದರೆ, ಬೈನರಿಯ ಒಂದು ಬೈಟೂ ಅತ್ತಿತ್ತ ಸರಿಯುತ್ತಿರಲಿಲ್ಲ. ತಿದ್ದಿದ ಲೈಬ್ರರಿಯನ್ನು ಮಾತ್ರ ಕಟ್ಟಿ, ಅದನ್ನು ನೆಚ್ಚಿದವುಗಳ ಪ್ರತಿ ತೆಗೆದು, ಪ್ರತಿಯೊಳಗೆ ಹಳೆಯ ವಿಳಾಸದ ಮೇಲೆ ಹೊಸ ವಿಳಾಸ ಬರೆದರೆ ಪ್ರೋಗ್ರಾಮುಗಳು ದೋಷವಿಲ್ಲದ ಲೈಬ್ರರಿಯನ್ನೇ ತೆರೆಯುತ್ತಿದ್ದವು. ಸಾವಿರಾರು ಪ್ಯಾಕೇಜುಗಳ ಮರುಕಟ್ಟುವಿಕೆಯನ್ನು ಆಮೇಲೆ ನಿಧಾನವಾಗಿ ಮಾಡಿಕೊಳ್ಳಲು ಬಿಡುವು ಸಿಕ್ಕಿತು.