ಕುಸ್ತಿಯ ಅಸಲಿ ಪೈಪೋಟಿ ಜೋಡಿ ಕಟ್ಟೋ ದಿನವೇ ಶುರು

ಹಲಗೂರು, ಮಳವಳ್ಳಿ ಕಡೆ ಕುಸ್ತಿ ಬಲ್ಲ ಹಿರಿಯರ ಮುಂದೆ ಮೈಸೂರು ದಸರಾ ಕುಸ್ತಿಯ ಮಾತೆತ್ತಿ ನೋಡಿ. ಗೆದ್ದವರು ಯಾರು ಅನ್ನೋದು ಆಮೇಲೆ. ಮೊದಲು ಕೇಳೋದು, 'ಯಾರಿಗೆ ಯಾರು ಜೋಡಿ?'

ದಸರೆಗೆ ಮುಂಚೆ ಮೈಸೂರಿನಲ್ಲಿ ಜೋಡಿ ಕಟ್ಟುವುದಕ್ಕೇ ಒಂದು ದಿನ ಇರುತ್ತದೆ. ಸುತ್ತಲಿನ ಗರಡಿಗಳಿಂದ ಪೈಲ್ವಾನರು ಬರ್ತಾರೆ. ಉಸ್ತಾದರು, ಹಿರಿಯ ಪೈಲ್ವಾನರು ತೂಕ ನೋಡ್ತಾರೆ, ವಯಸ್ಸು ಕೇಳ್ತಾರೆ, ಹಿಂದೆ ಯಾರನ್ನು ಚಿತ್ ಮಾಡಿದ್ದಾನೆ ಅಂತ ವಿಚಾರಿಸ್ತಾರೆ. ತೂಕ ಸರಿಹೋದ ಮಾತ್ರಕ್ಕೆ ಜೋಡಿ ಸರಿಯಾಗಲ್ಲ. ಎರಡು ವರ್ಷ ಮಟ್ಟಿ ಹೊಡೆದ ಹುಡುಗನನ್ನು ಹತ್ತು ವರ್ಷ ಪಳಗಿದವನ ಎದುರಿಗೆ ಬಿಟ್ಟರೆ ಅದು ಕುಸ್ತಿಯಲ್ಲ, ಕೈಕಾಲು ಮುರಿಸೋ ಕೆಲಸ. ನಾಡಕುಸ್ತಿಯಲ್ಲಿ ಪಾಯಿಂಟ್ ಲೆಕ್ಕವಿಲ್ಲ. ಬೆನ್ನು ಮಣ್ಣಿಗೆ ತಾಗಿದರೆ ಮುಗೀತು. ಸೋಲು ಹುಡುಗನ ಹೆಸರಿಗಷ್ಟೇ ಅಂಟಲ್ಲ, ಅವನ ಗರಡಿಯ ಹೆಸರಿಗೂ ಅಂಟುತ್ತೆ. ಅದಕ್ಕೇ ಒಲ್ಲದ ಜೋಡಿಗೆ ಗುರು ಅಡ್ಡ ನಿಲ್ಲೋದು.

ಮೆಕ್ಸಿಕೋದಲ್ಲಿ ಈ ಪೈಪೋಟಿಯನ್ನು ಕಂಪನಿಯೇ ಹೆಣೆಯುತ್ತೆ. 1933ರಲ್ಲಿ ಸಾಲ್ವಡಾರ್ ಲುಟೆರೋತ್ ಕಟ್ಟಿದ ಸಂಸ್ಥೆ ತನ್ನ ವಾರ್ಷಿಕೋತ್ಸವಕ್ಕೇ ದೊಡ್ಡ ಪ್ರದರ್ಶನ ಇಟ್ಟುಕೊಂಡಿದೆ. 1993ರಿಂದ ಎದುರಾಳಿ ಸಂಸ್ಥೆಯ 'ಟ್ರಿಪಲ್‌ಮೇನಿಯಾ' ನಡೀತಿದೆ. ಯಾರು ಗೆಲ್ಲಬೇಕು ಅನ್ನೋದು ಮೊದಲೇ ತೀರ್ಮಾನ. ಹಾಗಂತ ಸುಳ್ಳು ಅಂತ ತಳ್ಳಿಹಾಕೋ ಹಾಗಿಲ್ಲ, ಪಣಕ್ಕಿಡುವುದು ಮುಖವಾಡವನ್ನು. ಸೋತವನು ಸಾವಿರಾರು ಜನರ ಎದುರು ಅದನ್ನು ಕಳಚಿ ನಿಜ ಹೆಸರು ಹೇಳಬೇಕು. 1952ರಲ್ಲಿ ಎಲ್ ಸಾಂಟೋ ಎದುರು ಬ್ಲ್ಯಾಕ್ ಶ್ಯಾಡೋ ಹೀಗೇ ಮುಖ ತೋರಿಸಬೇಕಾಯ್ತು. ಮುಖವಾಡ ಇಲ್ಲದವರು ತಲೆಗೂದಲನ್ನೇ ಪಣಕ್ಕಿಡ್ತಾರೆ. (ವೇಷ ಮರೆಸಿದ ಪೈಲ್ವಾನ ನಮಗೂ ಹೊಸಬನಲ್ಲ. ರಣಧೀರ ಕಂಠೀರವ ನರಸರಾಜ ಒಡೆಯರು ಮಾರುವೇಷದಲ್ಲಿ ತಿರುಚಿನಾಪಳ್ಳಿಗೆ ಹೋಗಿ ಅಲ್ಲಿನ ಜಟ್ಟಿಯನ್ನು ಕೆಡವಿದ ಕಥೆ ಯಾರಿಗೆ ಗೊತ್ತಿಲ್ಲ?)

ನಮ್ಮಲ್ಲಿ ತಲೆ ಬೋಳಿಸಿಕೊಂಡೇ ಕಾಳಗಕ್ಕೆ ಇಳಿಯೋರೂ ಇದ್ದಾರೆ. ವಿಜಯದಶಮಿಯ ಬೆಳಿಗ್ಗೆ ಮೈಸೂರು ಅರಮನೆಯಲ್ಲಿ ನಡೆಯುವ ವಜ್ರಮುಷ್ಟಿ ಕಾಳಗದ ಜಟ್ಟಿಗಳು ಮೈಸೂರು, ಬೆಂಗಳೂರು, ಚಾಮರಾಜನಗರದಿಂದ, ನಮ್ಮ ಪಕ್ಕದ ಚನ್ನಪಟ್ಟಣದಿಂದ ಬರ್ತಾರೆ. ಒಬ್ಬನ ತಲೆಯಿಂದ ರಕ್ತ ಚಿಮ್ಮಿತೋ, ಕಾಳಗ ಅಲ್ಲಿಗೇ ನಿಂತಿತು. ಒಂದೊಂದು ಸಲ ಕಣ್ಣು ಮಿಟುಕಿಸೋದರೊಳಗೆ ಮುಗಿಯುತ್ತೆ. ಅದು ಹರಕೆಯಂಥ ಆಚರಣೆ, ಹಗೆ ಸಾಧಿಸೋಕೆ ಅಲ್ಲಿ ಹೊತ್ತೂ ಇಲ್ಲ.

ಹಗೆ, ಹೆಮ್ಮೆ, ಮುಂದಿನ ವರ್ಷದ ಸೇಡು ಎಲ್ಲ ಉಳಿದಿರೋದು ಮಟ್ಟಿ ಅಖಾಡದಲ್ಲೇ. ಅಲ್ಲಿ ಯಾರೂ ಕಥೆ ಬರೆದಿಟ್ಟಿರಲ್ಲ, ಹಾಗಾಗಿ ಜೋಡಿ ಕಟ್ಟುವವರ ಕಣ್ಣೇ ಹುಡುಗನ ಮೈಗೆ ಕಾವಲು. ಆ ತೀರ್ಮಾನ ನಾಲ್ಕು ಜನರ ನೆನಪಿನ ಮೇಲಷ್ಟೇ ಯಾಕೆ ನಿಲ್ಲಬೇಕು? ಜೋಡಿಪಟ್ಟಿ ಹಾಕುವಾಗ ಇಬ್ಬರ ತೂಕ, ಗರಡಿ, ಹಿಂದೆ ಆಡಿದ ಕುಸ್ತಿ, ಆಗಿರುವ ಪೆಟ್ಟು ಎಲ್ಲ ಬರೆದು ಗೋಡೆಗೆ ಅಂಟಿಸಲಿ. 'ಈ ಜೋಡಿ ನನಗೆ ಬೇಡ' ಅನ್ನೋ ಹುಡುಗನಿಗೆ, ಅವನ ಉಸ್ತಾದ್ ದೊಡ್ಡ ಹೆಸರಿನವರಲ್ಲದಿದ್ದರೂ, ತೋರಿಸೋಕೆ ಒಂದು ಕಾಗದ ಇರಲಿ.