ಎರಡು ಮೊಬೈಲ್, ಒಂದು ಉತ್ತರ

ಶಹಾಬಾದಿನ ಫರಸಿ ಗಣಿಯನ್ನು ದೂರದಿಂದ ನೋಡಿದ್ದೀರಾ? ಸುತ್ತಿಗೆ ಕಲ್ಲಿಗೆ ಬೀಳುವುದು ಮೊದಲು ಕಾಣುತ್ತದೆ. ಸಪ್ಪಳ ಆಮೇಲೆ ಕೇಳುತ್ತದೆ. ಶಬ್ದ ಚಲಿಸಲು ಸಮಯ ಬೇಕು. ಅದರ ವೇಗವನ್ನು ಶಾಲೆಯ ಅಂಗಳದಲ್ಲೇ ಅಳೆಯಬಹುದು.

ಗುಂಪು ಪ್ರಯೋಗವೆಂದರೆ ಸಾಮಾನ್ಯವಾಗಿ ಒಬ್ಬ ಮಾಡುತ್ತಾನೆ, ಉಳಿದವರು ಬರೆದುಕೊಳ್ಳುತ್ತಾರೆ. ಮೊಬೈಲ್ ಕೊಟ್ಟ ಮಾತ್ರಕ್ಕೆ ಇದು ಬದಲಾಗದು. ಎಲ್ಲರ ಪಾಲು ಸೇರಿದರಷ್ಟೇ ಉತ್ತರ ಸಿಗುವಂತೆ ಕೆಲಸ ಹಂಚಬೇಕು. 1971ರಲ್ಲಿ ಅಮೆರಿಕದ ಆಸ್ಟಿನ್ ನಗರದ ಶಾಲೆಗಳಲ್ಲಿ ಎಲಿಯಟ್ ಅರಾನ್‌ಸನ್ ರೂಪಿಸಿದ ‘ಜಿಗ್ಸಾ’ ವಿಧಾನದ ತಿರುಳು ಇದೇ.

ಜರ್ಮನಿಯ ಆಖೆನ್ ವಿಶ್ವವಿದ್ಯಾಲಯ 2016ರಲ್ಲಿ ಹೊರತಂದ ‘ಫೈಫಾಕ್ಸ್’ ಎಂಬ ಉಚಿತ ತಂತ್ರಾಂಶದಲ್ಲಿ ಶಬ್ದದಿಂದ ನಡೆಯುವ ಗಡಿಯಾರವಿದೆ. ಒಂದು ಸಪ್ಪಳಕ್ಕೆ ಅದು ಓಡತೊಡಗುತ್ತದೆ, ಮುಂದಿನದಕ್ಕೆ ನಿಲ್ಲುತ್ತದೆ. ಅಳೆಯುವಾಗ ಅಂತರ್ಜಾಲ ಬೇಡ. ಶಿಕ್ಷಕರ ಎರಡು ಮೊಬೈಲ್ ಸಾಕು.

ಮಾಡಿ ನೋಡಿ: ಮೊಬೈಲ್‌ಗಳನ್ನು 10 ಮೀಟರ್ ಅಂತರದಲ್ಲಿಡಿ. ಮೊದಲ ಮೊಬೈಲ್ ಪಕ್ಕದ ವಿದ್ಯಾರ್ಥಿ ಎರಡು ಫರಸಿ ಚೂರುಗಳನ್ನು ಒಮ್ಮೆ ಬಡಿಯಲಿ. ಅಲ್ಲಿನ ಗಡಿಯಾರ ತಕ್ಷಣ ಓಡುತ್ತದೆ. ಎರಡನೆಯದು ಶಬ್ದ ತಲಪಿದ ಮೇಲೆ. ಒಂದೆರಡು ಸೆಕೆಂಡು ಬಿಟ್ಟು ಎರಡನೆಯ ಮೊಬೈಲ್ ಪಕ್ಕದವರು ಬಡಿಯಲಿ. ಆಗ ಎರಡನೆಯದು ತಕ್ಷಣ ನಿಲ್ಲುತ್ತದೆ, ಮೊದಲನೆಯದು ತಡವಾಗಿ. ಹಾಗಾಗಿ ಎರಡು ಅಳತೆಗಳ ವ್ಯತ್ಯಾಸವೆಂದರೆ ಶಬ್ದ 20 ಮೀಟರ್ ಕ್ರಮಿಸುವ ಕಾಲ. ಉದಾಹರಣೆಗೆ 1.486 ಮತ್ತು 1.429 ಸೆಕೆಂಡು ಬಂದರೆ ವ್ಯತ್ಯಾಸ 0.057, ವೇಗ ಸೆಕೆಂಡಿಗೆ ಸುಮಾರು 351 ಮೀಟರ್.

ಒಂದೇ ಮೊಬೈಲಿನ ಅಂಕಿಗೆ ಅರ್ಥವಿಲ್ಲ. ಇಬ್ಬರೂ ಬಾಯಿಬಿಟ್ಟು ಹೇಳಿದರೇನೇ ಲೆಕ್ಕ. ಮೂರನೆಯವರು ಟೇಪು ಹಿಡಿದು ದೂರ ಅಳೆಯಲಿ. 10 ಸೆಂಟಿಮೀಟರ್ ತಪ್ಪಿದರೆ ಉತ್ತರ ಶೇಕಡ 1ರಷ್ಟು ತಪ್ಪುತ್ತದೆ. ನಾಲ್ಕನೆಯವರು ಉಷ್ಣತೆ ನೋಡಲಿ. ಗಾಳಿಯಲ್ಲಿ ಶಬ್ದದ ವೇಗ 0 ಡಿಗ್ರಿ ಸೆಲ್ಸಿಯಸ್‌ನಲ್ಲಿ ಸುಮಾರು 331 ಮೀಟರ್. ಪ್ರತಿ ಡಿಗ್ರಿಗೆ ಸುಮಾರು 0.6 ಮೀಟರ್ ಏರುತ್ತದೆ. ನಮ್ಮ ಕಲಬುರಗಿ ಸೀಮೆಯ 40 ಡಿಗ್ರಿ ಬಿಸಿಲಿಗೆ ಅದು 355. 25 ಡಿಗ್ರಿಯಲ್ಲಿ 346. ಬೆಳಿಗ್ಗೆ ಒಂದು ತಂಡ, ಮಧ್ಯಾಹ್ನ ಇನ್ನೊಂದು ತಂಡ ಹತ್ತು ಹತ್ತು ಸಲ ಅಳೆದು ಸರಾಸರಿ ಹೋಲಿಸಲಿ.

ಪ್ರತಿಧ್ವನಿಗೆ ಗಡಿಯಾರ ನಿಂತುಬಿಡದಂತೆ ತಂತ್ರಾಂಶದಲ್ಲಿ ಕನಿಷ್ಠ ವಿಳಂಬವನ್ನು ಹೊಂದಿಸಿ. ಗಾಳಿ ಒಂದೇ ದಿಕ್ಕಿಗೆ ಬೀಸಿದರೆ ಉತ್ತರ ಕೆಡುವುದೆ? ಮಕ್ಕಳೇ ಚರ್ಚಿಸಲಿ. ಹೋಗುವಾಗ ಗಳಿಸಿದ್ದನ್ನು ಶಬ್ದ ಬರುವಾಗ ಹೆಚ್ಚುಕಡಿಮೆ ಕಳೆದುಕೊಳ್ಳುತ್ತದೆ ಎಂದು ಯಾರಾದರೊಬ್ಬರು ಹೇಳಿಯಾರು.

ಕೊನೆಗೆ ಪಾತ್ರಗಳನ್ನು ಅದಲುಬದಲು ಮಾಡಿ. ವಿವರಿಸಲು ಮಾತ್ರ ತಂಡದ ಚುರುಕು ಹುಡುಗನನ್ನಲ್ಲ, ಹಿಂದೆ ಸುಮ್ಮನೆ ನಿಂತವರನ್ನು ಕರೆಯಿರಿ. ಅವರು ಹೇಳಬಲ್ಲರಾದರೆ ತಂಡವೆಲ್ಲ ಕಲಿತಿದೆ ಎಂದರ್ಥ.