ಹಳೆಯ ಕಾರು, ಹೊಸ ಪರದೆ

ಬೆಂಗಳೂರಿನಿಂದ ಮೈಸೂರಿಗೆ ಹೊರಟವನಿಗೆ ಮದ್ದೂರು, ಮಂಡ್ಯಗಳು ತಾವಾಗಿಯೇ ಎದುರಾಗುತ್ತಿದ್ದ ಕಾಲವೊಂದಿತ್ತು. ರಸ್ತೆಯು ಊರಿನ ನಡುವೆಯೇ ಹಾದುಹೋಗುತ್ತಿತ್ತು. ವಡೆ ಮಾರುವವರ ಕೂಗೇ ಮದ್ದೂರು ಬಂದಿತೆಂದು ಸಾರುತ್ತಿತ್ತು. ಅಲ್ಲಿಂದ ಮಳವಳ್ಳಿಯ ಕಡೆಗೆ ತಿರುಗಬೇಕಾದವನು ಯಾವುದಾದರೊಂದು ಅಂಗಡಿಯ ಮುಂದೆ ಗಾಡಿ ನಿಲ್ಲಿಸಿ ವಿಚಾರಿಸಿದರೆ ಸಾಕಾಗಿತ್ತು.

2023ರ ಮಾರ್ಚ್ 12ರಂದು ಹೊಸ ಹೆದ್ದಾರಿ ಲೋಕಾರ್ಪಣೆಗೊಂಡ ಬಳಿಕ ಈ ಸ್ಥಿತಿ ಬದಲಾಯಿತು. ಬಿಡದಿ, ರಾಮನಗರ–ಚನ್ನಪಟ್ಟಣ, ಮದ್ದೂರು, ಮಂಡ್ಯ, ಶ್ರೀರಂಗಪಟ್ಟಣ, ಈ ಐದು ಕಡೆಗಳಲ್ಲಿ ದಾರಿಯು ಊರನ್ನು ಪಕ್ಕಕ್ಕೆ ಬಿಟ್ಟು ಬೈಪಾಸಿನಲ್ಲಿ ಸಾಗುತ್ತದೆ. ಇಳಿಯಬೇಕಾದ ಎಡೆಯಲ್ಲಿ ಇಳಿಯದೆ ಮುಂದೆ ಹೋದವನು ಮರಳಿ ಬರಲು ಹಲವು ಕಿಲೋಮೀಟರು ಸುತ್ತಬೇಕು. ವಿಚಾರಿಸೋಣವೆಂದರೆ ಅಲ್ಲಿ ಅಂಗಡಿಯೂ ಇಲ್ಲ, ದಾರಿಹೋಕನೂ ಇಲ್ಲ. ಹೀಗಾಗಿ ದಾರಿ ತೋರಿಸುವ ಕೆಲಸವು ಜೇಬಿನಲ್ಲಿರುವ ಸ್ಮಾರ್ಟ್‌ಫೋನಿನ ಪಾಲಿಗೆ ಬಂದಿತು.

ಆದರೆ ಈ ಮಾರ್ಗದರ್ಶಕನನ್ನು ಕಾರಿನಲ್ಲಿ ಕೂರಿಸುವುದೆಲ್ಲಿ? ಒಬ್ಬರು ತೊಡೆಯ ಮೇಲಿಟ್ಟುಕೊಳ್ಳುತ್ತಾರೆ. ಇನ್ನೊಬ್ಬರು ಗೇರಿನ ಪಕ್ಕದ ಗುಳಿಯಲ್ಲಿ ನಿಲ್ಲಿಸುತ್ತಾರೆ. ಮತ್ತೊಬ್ಬರು ಒಂದು ಕೈಯಲ್ಲಿ ಚಕ್ರವನ್ನೂ ಇನ್ನೊಂದು ಕೈಯಲ್ಲಿ ಫೋನನ್ನೂ ಹಿಡಿದು ಅಷ್ಟಾವಧಾನ ನಡೆಸುತ್ತಾರೆ. ಗಂಟೆಗೆ 100 ಕಿಲೋಮೀಟರು ವೇಗದಲ್ಲಿ ಓಡುವ ಕಾರು ಒಂದು ಸೆಕೆಂಡಿನಲ್ಲಿ ಸುಮಾರು 28 ಮೀಟರು ಮುಂದೆ ಸಾಗುತ್ತದೆ. ಎರಡು ಸೆಕೆಂಡು ಕಣ್ಣನ್ನು ತೊಡೆಯ ಕಡೆಗೆ ಇಳಿಸಿದರೆ 55 ಮೀಟರು ದಾರಿಯನ್ನು ಕುರುಡನಂತೆ ಕ್ರಮಿಸಿದ ಹಾಗಾಯಿತು. ಮದ್ದೂರಿನಿಂದ ಭಾರತೀನಗರದ ಮೇಲೆ ಮಳವಳ್ಳಿಗೆ ಹೋಗುವ ರಸ್ತೆಯಲ್ಲಿ ಗಂಟೆಗೆ 60ರ ವೇಗವೆಂದುಕೊಂಡರೂ ಅದೇ ಎರಡು ಸೆಕೆಂಡಿನಲ್ಲಿ 33 ಮೀಟರು. ಕಬ್ಬು ಕಡಿಯುವ ಕಾಲದಲ್ಲಿ, ಹಿಂಬದಿಯ ದೀಪವಿಲ್ಲದ ಟ್ರ್ಯಾಕ್ಟರು ಕತ್ತಲಲ್ಲಿ ಎದುರಾಗುವುದಕ್ಕೆ ಅಷ್ಟು ದೂರ ಧಾರಾಳವಾಗಿ ಸಾಕು.

ನಮ್ಮ ಜಿಲ್ಲೆಯ ನಾಲೆಯ ಏರಿಗಳ ಮೇಲಿನ ರಸ್ತೆಗಳನ್ನಂತೂ ಹೇಳುವುದೇ ಬೇಡ. 2018ರ ನವೆಂಬರ್ 24ರಂದು ಪಾಂಡವಪುರ ತಾಲ್ಲೂಕಿನ ಕನಗನಮರಡಿಯ ಬಳಿ ಬಸ್ಸೊಂದು ವಿಶ್ವೇಶ್ವರಯ್ಯ ನಾಲೆಗೆ ಉರುಳಿ 30 ಮಂದಿ ಪ್ರಾಣ ಕಳೆದುಕೊಂಡರು. ಆ ದುರಂತಕ್ಕೂ ಫೋನಿಗೂ ಸಂಬಂಧ ಕಲ್ಪಿಸುವುದು ಇಲ್ಲಿನ ಉದ್ದೇಶವಲ್ಲ. ದಾರಿಯ ಅಂಚಿಗೂ ನೀರಿಗೂ ನಡುವಣ ಅಂತರ ಎಷ್ಟು ಅಲ್ಪವಾದುದೆಂಬುದನ್ನು ಅದು ನೆನಪಿಸುತ್ತದೆ, ಅಷ್ಟೆ. ಆದುದರಿಂದ ಹಳೆಯ ಕಾರಿನ ಡ್ಯಾಶ್‌ಬೋರ್ಡಿಗೆ ಫೋನಿನೊಡನೆ ಕೂಡಿ ಕೆಲಸ ಮಾಡುವ ಹೊಸ ಪರದೆಯನ್ನು ಅಳವಡಿಸುವ ವಿಷಯವು ಕೇವಲ ಶೋಕಿಯ ಮಾತಲ್ಲ.

ಪರದೆಯ ಹಿಂದಿನ ಸೂತ್ರಧಾರ

ಕಾರಿಗೂ ಸಂಗೀತಕ್ಕೂ ನಂಟು ಹಳೆಯದು. 1930ರಲ್ಲಿಯೇ ಅಮೆರಿಕದ ಷಿಕಾಗೊ ನಗರದ ಗ್ಯಾಲ್ವಿನ್ ಸಂಸ್ಥೆಯು ಮೋಟೊರೋಲ ಎಂಬ ಹೆಸರಿನಲ್ಲಿ ಕಾರಿನ ರೇಡಿಯೋವನ್ನು ಮಾರುಕಟ್ಟೆಗೆ ತಂದಿತು. ಮುಂದೆ ಕ್ಯಾಸೆಟ್ ಬಂದಿತು, ಸಿ.ಡಿ. ಬಂದಿತು. ಅವೆಲ್ಲ ತಾವೇ ಹಾಡುವ ಪೆಟ್ಟಿಗೆಗಳು. 2014ರ ಮಾರ್ಚಿನಲ್ಲಿ ಆಪಲ್ ಸಂಸ್ಥೆಯು ಕಾರ್‌ಪ್ಲೇಯನ್ನೂ, ಅದೇ ವರ್ಷದ ಜೂನಿನಲ್ಲಿ ಗೂಗಲ್ ಸಂಸ್ಥೆಯು ಆಂಡ್ರಾಯ್ಡ್ ಆಟೊವನ್ನೂ ಪ್ರಕಟಿಸಿದಾಗ ಕ್ರಮವೇ ಬೇರೆಯಾಯಿತು.

ಇದನ್ನು ತಿಳಿಯಲು ನಮ್ಮ ತೊಗಲು ಗೊಂಬೆಯಾಟವನ್ನು ನೆನೆದರೆ ಸಾಕು. ಪ್ರೇಕ್ಷಕನಿಗೆ ಕಾಣುವುದು ಬಿಳಿಯ ಪರದೆ. ಆದರೆ ಗೊಂಬೆಯನ್ನು ಕುಣಿಸುವವನೂ ಪದ ಹಾಡುವವನೂ ಪರದೆಯ ಹಿಂದಿದ್ದಾನೆ. ಇಲ್ಲಿಯೂ ಹಾಗೆಯೇ. ನಕ್ಷೆಯನ್ನು ಬರೆಯುವುದು, ಹಾಡನ್ನು ಹುಡುಕುವುದು, ಕರೆಯನ್ನು ಸ್ವೀಕರಿಸುವುದು, ಎಲ್ಲವನ್ನೂ ಮಾಡುವುದು ಫೋನು. ಕಾರಿನ ಪರದೆಯು ಅದನ್ನು ದೊಡ್ಡದಾಗಿ ತೋರಿಸುತ್ತದೆ, ಬೆರಳಿನ ಸ್ಪರ್ಶವನ್ನೂ ಚಾಲಕನ ಮಾತನ್ನೂ ಫೋನಿಗೆ ಮುಟ್ಟಿಸುತ್ತದೆ, ಧ್ವನಿಯನ್ನು ಸ್ಪೀಕರುಗಳಿಗೆ ಒಪ್ಪಿಸುತ್ತದೆ. ಈ ಏರ್ಪಾಡಿನಿಂದ ಒಂದು ದೊಡ್ಡ ಲಾಭವುಂಟು. ಫೋನು ಬದಲಾದಂತೆಲ್ಲ ವ್ಯವಸ್ಥೆಯೂ ಹೊಸದಾಗುತ್ತದೆ. ಕಾರಿನ ಪೆಟ್ಟಿಗೆ ಹಳತಾಯಿತೆಂಬ ಚಿಂತೆ ಬೇಗನೆ ಬರುವುದಿಲ್ಲ.

ಹತ್ತು ಹನ್ನೆರಡು ವರ್ಷದ ಕಾರಿಗೆ ಇದು ಹೊಂದೀತೆ ಎಂಬ ಸಂದೇಹ ಹಲವರಿಗೆ. ಅದಕ್ಕೆ ಉತ್ತರ ಒಂದು ಹಳೆಯ ಜರ್ಮನ್ ಅಳತೆಯಲ್ಲಿದೆ. ಡಿನ್ ಎಂಬ ಆ ಮಾನದ ಪ್ರಕಾರ ಕಾರಿನ ರೇಡಿಯೋದ ಗೂಡು 180 ಮಿಲಿಮೀಟರು ಅಗಲ, 50 ಮಿಲಿಮೀಟರು ಎತ್ತರ. ಇದರ ಇಮ್ಮಡಿ ಎತ್ತರದ, ಎಂದರೆ 100 ಮಿಲಿಮೀಟರಿನ ಗೂಡನ್ನು ಡಬಲ್ ಡಿನ್ ಎನ್ನುವರು. ಜಗತ್ತಿನ ಬಹುಪಾಲು ತಯಾರಕರು ಈ ಅಳತೆಯನ್ನೇ ಅನುಸರಿಸಿದ ಕಾರಣ, ಡಬಲ್ ಡಿನ್ ಗೂಡುಳ್ಳ ಕಾರಿಗೆ ಪರದೆಯ ಪೆಟ್ಟಿಗೆ ನೇರವಾಗಿ ಕೂರುತ್ತದೆ. ಒಂಟಿ ಗೂಡಿನ ಕಾರಿಗೂ ಮುಂದಕ್ಕೆ ಚಾಚಿ ನಿಲ್ಲುವ ಪರದೆಗಳುಂಟು. ಗೂಡಿನ ಆಕಾರವೇ ವಿಚಿತ್ರವಾಗಿದ್ದರೆ ಆ ಮಾದರಿಗೆಂದೇ ತಯಾರಾದ ಫ್ರೇಮು ಬೇಕಾಗುತ್ತದೆ.

ಹೆಸರು ಒಂದು, ಸರಕು ಇನ್ನೊಂದು

ಗ್ರಾಹಕನು ಎಡವುವುದು ಬಹುಶಃ ಇಲ್ಲಿಯೇ. ಮಂಡ್ಯದ ಅಂಗಡಿಯಾಗಲಿ, ಬೆಂಗಳೂರಿನ ಜೆ.ಸಿ. ರಸ್ತೆಯ ಅಂಗಡಿಯಾಗಲಿ, ಆಂಡ್ರಾಯ್ಡ್ ಸ್ಟೀರಿಯೊ ಎಂಬ ಮಾತು ಕಿವಿಗೆ ಬೀಳುತ್ತದೆ. ಇದೂ ಆಂಡ್ರಾಯ್ಡ್ ಆಟೊ ಎಂಬುದೂ ಒಂದೇ ಎಂದು ತಿಳಿಯುವುದು ಸಹಜ. ವಾಸ್ತವದಲ್ಲಿ ಇವೆರಡೂ ಬೇರೆ ಬೇರೆ. ಆಂಡ್ರಾಯ್ಡ್ ಸ್ಟೀರಿಯೊ ಎಂಬುದು ಡ್ಯಾಶ್‌ಬೋರ್ಡಿನಲ್ಲಿ ಹುದುಗಿಸಿದ ಒಂದು ಟ್ಯಾಬ್ಲೆಟ್. ಅದಕ್ಕೆ ತನ್ನದೇ ಆದ ಮೆದುಳುಂಟು, ತನ್ನದೇ ಆದ ನೆನಪುಂಟು. ಅಗ್ಗದ ಮಾಲಿನಲ್ಲಿ ಆ ಮೆದುಳು ಮಂದವಾಗಿದ್ದರೆ ನಕ್ಷೆಯು ತಡವರಿಸುತ್ತದೆ. ಇಳಿಯಬೇಕಾದ ತಿರುವನ್ನು ದಾಟಿದ ಮೇಲೆ ತಿರುಗು ಎಂದು ಹೇಳುವ ಮಾರ್ಗದರ್ಶಕನಿಂದ ಪ್ರಯೋಜನವೇನು?

ಆದುದರಿಂದ ಕೊಳ್ಳುವ ಮುನ್ನ ತಮ್ಮ ಫೋನನ್ನೇ ಅಂಗಡಿಯ ಪೆಟ್ಟಿಗೆಗೆ ಜೋಡಿಸಿ ನೋಡುವುದು ಉತ್ತಮ. ಕಾರ್‌ಪ್ಲೇ ಇಲ್ಲವೆ ಆಂಡ್ರಾಯ್ಡ್ ಆಟೊ ತೆರೆಯುತ್ತದೆಯೆ? ಬಿಸಿಲಿನಲ್ಲಿ ಪರದೆ ಕಾಣುತ್ತದೆಯೆ? ಮಾತನಾಡಿದರೆ ಎದುರಿನವರಿಗೆ ಸ್ಪಷ್ಟವಾಗಿ ಕೇಳುತ್ತದೆಯೆ? ಧ್ವನಿಯನ್ನು ಏರಿಸಿ ಇಳಿಸಲು ತಿರುಗಿಸುವ ಗುಂಡಿಯೊಂದು ಇದೆಯೆ? ಈ ಕೊನೆಯ ಪ್ರಶ್ನೆ ಕ್ಷುಲ್ಲಕವೆಂದು ತೋರಬಹುದು. ಆದರೆ ಗುಂಡಿಯನ್ನು ಕೈ ತಡವಿಯೇ ಹುಡುಕುತ್ತದೆ. ನುಣುಪಾದ ಗಾಜಿನ ಮೇಲೆ ಚಿತ್ರವನ್ನು ಹುಡುಕಲು ಕಣ್ಣೇ ಬೇಕು.

ತಂತಿಯ ವಿಚಾರ

ಪೆಟ್ಟಿಗೆ ಎಷ್ಟೇ ಒಳ್ಳೆಯದಾದರೂ ಜೋಡಣೆ ಕೆಟ್ಟರೆ ಎಲ್ಲವೂ ಕೆಟ್ಟಿತು. ಹೊರಗಿನಿಂದ ತಂದ ಸ್ಟೀರಿಯೊಗಳಲ್ಲಿ ಸಾಮಾನ್ಯವಾಗಿ ಹಳದಿ ತಂತಿ ಬ್ಯಾಟರಿಯಿಂದ ಸದಾ ಬರುವ ವಿದ್ಯುತ್ತಿಗೆ, ಕೆಂಪು ತಂತಿ ಕೀಲಿಕೈ ತಿರುಗಿಸಿದಾಗ ಮಾತ್ರ ಬರುವ ವಿದ್ಯುತ್ತಿಗೆ, ಕಪ್ಪು ತಂತಿ ಅರ್ತಿಗೆ. ಕೆಂಪು, ಹಳದಿ ಎರಡನ್ನೂ ಸದಾ ಬರುವ ವಿದ್ಯುತ್ತಿಗೇ ಸೇರಿಸಿಬಿಟ್ಟರೆ ಕಾರು ನಿಂತಾಗಲೂ ಪೆಟ್ಟಿಗೆ ಎಚ್ಚರವಾಗಿಯೇ ಇದ್ದು ಬ್ಯಾಟರಿಯನ್ನು ಹೀರುತ್ತದೆ. ಬೆಳಿಗ್ಗೆ ಕಾರನ್ನು ನೂಕುವ ಸೌಭಾಗ್ಯ ಮನೆಯವರದಾಗುತ್ತದೆ!

ಹಳೆಯ ತಂತಿಗಳನ್ನು ಕತ್ತರಿಸಿ, ಹೊಸೆದು, ಟೇಪು ಸುತ್ತುವ ಪದ್ಧತಿಯನ್ನು ಖಂಡಿತವಾಗಿಯೂ ಒಪ್ಪಬಾರದು. ಸಡಿಲವಾದ ಕೂಡಿಕೆಯಲ್ಲಿ ಶಾಖ ಹುಟ್ಟುತ್ತದೆ. ಶಾಖದಿಂದ ಬೆಂಕಿಯ ಭಯವುಂಟು. ಪ್ರತಿಯೊಂದು ಮಾದರಿಗೂ ಹೊಂದುವ ಕಪ್ಲರುಗಳು ದೊರೆಯುತ್ತವೆ. ಅವುಗಳನ್ನು ಬಳಸಿದರೆ ಮೂಲದ ಒಂದು ತಂತಿಯನ್ನೂ ತುಂಡರಿಸಬೇಕಾಗಿಲ್ಲ, ಬೇಕೆಂದಾಗ ಹಳೆಯ ರೇಡಿಯೋವನ್ನು ಮತ್ತೆ ಕೂರಿಸಲೂಬಹುದು. ವಾರಂಟಿ ಇನ್ನೂ ಮುಗಿಯದ ಕಾರಾದರೆ ಈ ಎಚ್ಚರಿಕೆ ಇಮ್ಮಡಿ ಅಗತ್ಯ. ಫ್ಯೂಸು ಪೆಟ್ಟಿಗೆಯೊಡನೆ ಬಂದ ಅಳತೆಯದೇ ಇರಬೇಕು. ಪದೇಪದೇ ಸುಡುತ್ತದೆಂದು ದಪ್ಪ ಫ್ಯೂಸು ಹಾಕುವುದು ಮನೆಯ ಕಾವಲುಗಾರನನ್ನು ಮಲಗಿಸಿದಂತೆ. ಏರ್‌ಬ್ಯಾಗಿನ ಕನೆಕ್ಟರುಗಳೂ ಬಹುಮಟ್ಟಿಗೆ ಹಳದಿ ಬಣ್ಣದವೇ ಆಗಿರುವುದರಿಂದ, ಅವುಗಳ ತಂಟೆಗೆ ಹೋಗದ ಅನುಭವಿ ಎಲೆಕ್ಟ್ರಿಷಿಯನ್ನನ ಕೈಗೇ ಈ ಕೆಲಸವನ್ನು ಒಪ್ಪಿಸತಕ್ಕದ್ದು.

ಈಚಿನ ಕಾರುಗಳಲ್ಲಿ ಇನ್ನೊಂದು ತೊಡಕುಂಟು. 1986ರಲ್ಲಿ ಜರ್ಮನಿಯ ಬಾಷ್ ಸಂಸ್ಥೆಯು ಕ್ಯಾನ್ ಎಂಬ ವ್ಯವಸ್ಥೆಯನ್ನು ಪ್ರಕಟಿಸಿತು. ಕಾರಿನ ಅಂಗಾಂಗಗಳೆಲ್ಲ ಎರಡು ತಂತಿಗಳ ಮೇಲೆ ಪರಸ್ಪರ ಮಾತನಾಡಿಕೊಳ್ಳುವ ಭಾಷೆ ಅದು. ಚುಕ್ಕಾಣಿಯ ಚಕ್ರದ ಮೇಲಿನ ಗುಂಡಿಗಳು ಈ ಭಾಷೆಯಲ್ಲಿ ಮಾತನಾಡುವ ಕಾರುಗಳಲ್ಲಿ, ಹೊಸ ಪೆಟ್ಟಿಗೆಗೆ ಅದನ್ನು ಬಿಡಿಸಿ ಹೇಳುವ ಸಣ್ಣ ದುಭಾಷಿ ಪೆಟ್ಟಿಗೆಯೊಂದು ಬೇಕಾಗುತ್ತದೆ. ಅದನ್ನು ಉಳಿಸಿಕೊಳ್ಳದೆ ಗುಂಡಿಗಳನ್ನು ಕಳೆದುಕೊಂಡರೆ, ಕೈ ಮತ್ತೆ ಗಾಜಿನ ಕಡೆಗೇ ಹೋಗಬೇಕಾಗುತ್ತದೆ.

ಜೋಡಣೆಯ ಕೊನೆಯಲ್ಲಿ ಕೆಲವೆಡೆ ಹೀಗೊಂದು ಪ್ರಶ್ನೆ ಬರುವುದುಂಟು: “ಅಣ್ಣ, ಹ್ಯಾಂಡ್‌ಬ್ರೇಕ್ ವೈರ್‌ನ ಅರ್ತ್ ಮಾಡ್ಬುಡ್ಲಾ? ಓಡುಸ್ಕಂಡೇ ವೀಡಿಯೊ ನೋಡ್ಬೌದು.” ಹ್ಯಾಂಡ್‌ಬ್ರೇಕು ಎಳೆದಾಗ ಮಾತ್ರ ವೀಡಿಯೊ ಕಾಣಲೆಂದು ತಯಾರಕರು ಇಟ್ಟ ಕಟ್ಟು ಅದು. ಅದನ್ನು ಬಿಚ್ಚಿಸುವವನು ತನ್ನ ಕುಟುಂಬದ ರಕ್ಷಣೆಯ ಗಂಟನ್ನೇ ಬಿಚ್ಚಿಸುತ್ತಾನೆ. “ಬ್ಯಾಡ ಕಣಪ್ಪ” ಎಂದು ಹೇಳಿಬಿಡುವುದೇ ಲೇಸು.

ನಕ್ಷೆಗೂ ಮಿತಿಯುಂಟು

ತೆರೆದ ಬಯಲಿನಲ್ಲಿಯೂ ಫೋನಿನ ಜಿ.ಪಿ.ಎಸ್. ನಮ್ಮ ಠಾವನ್ನು ಸುಮಾರು 5 ಮೀಟರಿನ ಆಚೀಚೆ ಮಾತ್ರ ಹೇಳಬಲ್ಲುದು. ನಮ್ಮ ಹೆದ್ದಾರಿಯಲ್ಲಿ ಮುಖ್ಯ ರಸ್ತೆಯೂ ಸರ್ವೀಸ್ ರಸ್ತೆಯೂ ಅಕ್ಕಪಕ್ಕದಲ್ಲಿಯೇ ಓಡುತ್ತವೆ. ನಾವು ಯಾವುದರ ಮೇಲಿದ್ದೇವೆಂದು ಫೋನಿಗೆ ಭ್ರಮೆಯಾಗುವುದು ಆಶ್ಚರ್ಯವಲ್ಲ. ಆದುದರಿಂದ ಇಳಿಯುವ ಎಡೆಯನ್ನು ರಸ್ತೆಯ ಫಲಕ ನೋಡಿಯೇ ನಿಶ್ಚಯಿಸಬೇಕು. ತಪ್ಪಿಹೋದರೆ ಮುಂದಿನ ಎಡೆಯವರೆಗೂ ಹೋಗಬೇಕೇ ಹೊರತು ಹಿಂದಕ್ಕೆ ಓಡಿಸುವ ಸಾಹಸ ಸಲ್ಲದು. ಶಿವನಸಮುದ್ರ, ಮುತ್ತತ್ತಿಗಳ ಕಡೆಗೆ ಹೊರಡುವವರು ಆ ಪ್ರದೇಶದ ನಕ್ಷೆಯನ್ನು ಮನೆಯಲ್ಲಿಯೇ ಇಳಿಸಿಕೊಂಡಿರುವುದು ಜಾಣತನ; ಕಾಡುದಾರಿಯಲ್ಲಿ ಸಿಗ್ನಲನ್ನು ನೆಚ್ಚಿ ಹೋಗುವಂತಿಲ್ಲ.

2018ರಿಂದ ಗೂಗಲ್ ನಕ್ಷೆ ಕನ್ನಡದಲ್ಲಿಯೂ ದಾರಿ ಹೇಳುತ್ತಿದೆ. ಇಂಗ್ಲಿಷ್ ಅಕ್ಷರಗಳಲ್ಲಿ ಲಕಾರ ಳಕಾರಗಳಿಗೆ ಭೇದವಿಲ್ಲದುದರಿಂದ, ಆ ಬರಹವನ್ನು ನೋಡಿ ಓದುವ ಯಂತ್ರಕ್ಕೆ ಮಳವಳ್ಳಿಯು ಮಲವಲ್ಲಿಯಾಗಿಬಿಡಬಹುದು. ಆದರೂ ಎಡಕ್ಕೆ, ಬಲಕ್ಕೆ ಎಂಬ ತಾಯ್ನುಡಿಯ ಮಾತು ಕಿವಿಗೆ ಬಿದ್ದೊಡನೆ ಅರ್ಥವಾಗುತ್ತದೆ. ಪರದೆಯ ಕಡೆಗೆ ನೋಡುವ ಅಗತ್ಯ ಅಷ್ಟರಮಟ್ಟಿಗೆ ಕಡಿಮೆಯಾಗುತ್ತದೆ.

ಕಣ್ಣಿನ ಲೆಕ್ಕ

ಇಷ್ಟನ್ನೆಲ್ಲ ಮಾಡಿಸಿದ ಮೇಲೆ ಅಪಾಯ ತಪ್ಪಿತೆಂದು ನಿಶ್ಚಿಂತರಾಗಬಹುದೆ? ಇಂಗ್ಲೆಂಡಿನಿಂದ ಬಂದ ಉತ್ತರ ಬೇರೆಯಾಗಿದೆ. ಅಲ್ಲಿನ ರಸ್ತೆ ಸುರಕ್ಷತೆಯ ಸಂಸ್ಥೆಯಾದ ಐಎಎಂ ರೋಡ್‌ಸ್ಮಾರ್ಟ್ 2020ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಕಾರ್‌ಪ್ಲೇಯನ್ನು ಬೆರಳಿನಿಂದ ಮುಟ್ಟಿ ಬಳಸಿದ ಚಾಲಕರು ಎದುರಿನ ಸಂಗತಿಗೆ ಸ್ಪಂದಿಸಲು ಶೇಕಡಾ 57ರಷ್ಟು ಹೆಚ್ಚು ಕಾಲ ತೆಗೆದುಕೊಂಡರು. ಆಂಡ್ರಾಯ್ಡ್ ಆಟೊವಿನಲ್ಲಿ ಇದು ಶೇಕಡಾ 53. ಅಲ್ಲಿನ ಕಾನೂನು ಅನುಮತಿಸುವ ಮಿತಿಯವರೆಗೆ ಮದ್ಯ ಕುಡಿದವನಿಗೆ ಆಗುವ ವಿಳಂಬ ಶೇಕಡಾ 12 ಮಾತ್ರ! ಮಾತಿನಿಂದ ಆಜ್ಞೆ ಕೊಟ್ಟಾಗ ವಿಳಂಬವು ಕಾರ್‌ಪ್ಲೇಯಲ್ಲಿ 36ಕ್ಕೂ ಆಂಡ್ರಾಯ್ಡ್ ಆಟೊವಿನಲ್ಲಿ 30ಕ್ಕೂ ಇಳಿಯಿತು. ಇಳಿಯಿತೇ ಹೊರತು ಇಲ್ಲವಾಗಲಿಲ್ಲ.

ನಮ್ಮ ಕಾನೂನಿನ ಆಶಯವೂ ಇದೇ. ಕೈಯಲ್ಲಿ ಹಿಡಿದ ಫೋನನ್ನು ಚಾಲನೆಯ ವೇಳೆ ದಾರಿ ತಿಳಿಯುವುದಕ್ಕೆ ಮಾತ್ರ, ಅದೂ ಚಾಲಕನ ಏಕಾಗ್ರತೆಗೆ ಭಂಗ ಬಾರದಂತೆ ಬಳಸಬೇಕೆಂಬ ನಿಯಮ 2020ರ ಅಕ್ಟೋಬರ್ 1ರಿಂದ ಜಾರಿಯಲ್ಲಿದೆ. ಏಕಾಗ್ರತೆ ಎಂಬ ಈ ಒಂದು ಪದವನ್ನು ಹೊಸ ಪರದೆಗೂ ಅನ್ವಯಿಸಿಕೊಂಡರೆ ವಿವೇಕ.

ಅದನ್ನು ಆಚರಿಸುವುದು ಕಷ್ಟವೂ ಅಲ್ಲ. ಹೋಗಬೇಕಾದ ಊರನ್ನು ಕಾರು ಹೊರಡುವ ಮುನ್ನವೇ ಬರೆದಿಡುವುದು, ಹಾಡುಗಳನ್ನು ಮೊದಲೇ ಆರಿಸಿಡುವುದು, ಸಂದೇಶಗಳ ಸದ್ದನ್ನು ಅಡಗಿಸುವುದು, ನಡುವೆ ಏನನ್ನಾದರೂ ಬದಲಿಸಬೇಕಾದರೆ ಪಕ್ಕದಲ್ಲಿ ಕುಳಿತವರಿಗೆ ಹೇಳುವುದು, ಒಬ್ಬರೇ ಇದ್ದರೆ ಸುರಕ್ಷಿತವಾದ ಎಡೆಯಲ್ಲಿ ನಿಲ್ಲಿಸುವುದು. ಪರದೆಗೆ ಹಣ ಹೊಂದದವರು ಮನ ಕುಗ್ಗಬೇಕಾಗಿಲ್ಲ. ದಾರಿಯ ನೋಟಕ್ಕೆ ಅಡ್ಡಬಾರದಂತೆ ಕೂರಿಸಿದ ಗಟ್ಟಿಯಾದ ಸ್ಟ್ಯಾಂಡು, ಬ್ಲೂಟೂತ್ ಮೂಲಕ ಸ್ಪೀಕರಿನಲ್ಲಿ ಕೇಳುವ ಧ್ವನಿ, ಇಷ್ಟರಿಂದಲೇ ಮುಖ್ಯ ಪ್ರಯೋಜನ ದೊರಕುತ್ತದೆ. ಪರದೆ ಹಾಕಿಸಿದವರು ಅದನ್ನು ವಿಮಾ ಸಂಸ್ಥೆಗೂ ತಿಳಿಸಿ, ಬೇಕಾದ ಹೆಚ್ಚಿನ ಪ್ರೀಮಿಯಂ ಕಟ್ಟಿಬಿಟ್ಟರೆ ಮುಂದಿನ ತಕರಾರು ತಪ್ಪುತ್ತದೆ.

ಹೊಸ ಪರದೆಯ ಬೆಲೆಯನ್ನು ಅಂಗಡಿಯವನು ಅಂಗುಲದ ಲೆಕ್ಕದಲ್ಲಿ ಹೇಳುತ್ತಾನೆ. ಕೊಳ್ಳುವವನು ಅದನ್ನು ಬೇರೊಂದು ಲೆಕ್ಕದಲ್ಲಿ ಅಳೆಯುವುದು ಒಳಿತು. ತೊಡೆಯ ಮೇಲಿದ್ದ ಕಣ್ಣನ್ನು ಅದು ದಾರಿಯ ಮೇಲಕ್ಕೆ ಎತ್ತಿದ್ದರೆ ಕೊಟ್ಟ ಹಣ ಸಾರ್ಥಕ. ದಾರಿಯ ಮೇಲಿದ್ದ ಕಣ್ಣನ್ನು ತನ್ನ ಕಡೆಗೆ ಎಳೆದುಕೊಂಡಿದ್ದರೆ, ಹಳೆಯ ರೇಡಿಯೋವೇ ನಮ್ಮ ಪಾಲಿಗೆ ಹಿತವಾಗಿತ್ತು.